ಹಲಗೆಯ ಮೇಲೆ ಉರುಳಿದ ಕಾಯಿ

ಟಿ. ನರಸೀಪುರದಲ್ಲಿ ನನ್ನ ಮಂಡಿಗೆ ಸುಲಿದ ತೆಂಗಿನಕಾಯಿ ಆರಿಸುತ್ತಿದ್ದೆ. ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಲು ಪುರುಸೊತ್ತೆಲ್ಲಿ? ಇಳಿಜಾರು ಹಲಗೆಯ ಮೇಲೆ ಉರುಳಿಬಿಡುತ್ತೇನೆ. ನೀರಿರುವುದು ಬೇಗ ಇಳಿಯುತ್ತದೆ, ಒಣಗಿದ್ದು ನಿಧಾನ. ಪಕ್ಕದಲ್ಲೇ ನಿಂತು ನೋಡುತ್ತಿದ್ದ ಫಿಸಿಕ್ಸ್ ಮೇಷ್ಟ್ರೊಬ್ಬರು, “ಯಾಕಂಗೆ ಸಾವ್ಕಾರ್ರೇ?” ಅಂದರು.

“ಯಾಕೋ ಏನೋ, ಇಳೀತದೆ ಕಣ್ರೀ” ಅಂದೆ.

ಮುಂದಿನ ವಾರ ಮೇಷ್ಟ್ರು ನಂಜನಗೂಡಿನ ನನ್ನ ಮಂಡಿಗೇ ಮೈಸೂರ್ ಪಾಕ್ ಹಿಡಿದು ಬಂದರು. ಎಐ ಯಂತ್ರಗಳನ್ನು ಪರೀಕ್ಷಿಸಲು ಕಷ್ಟದ ಲೆಕ್ಕ ಬರೆದುಕೊಡುವುದು ಅವರ ಬಿಡುವಿನ ಕೆಲಸವಂತೆ. ಯಂತ್ರ ತಪ್ಪಿದರಷ್ಟೇ ದುಡ್ಡು. ನನ್ನ ಕಾಯಿ ಉರುಳುವುದನ್ನೇ ಲೆಕ್ಕ ಮಾಡಿ ಕಳಿಸಿದ್ದರು; ಯಂತ್ರ ತಪ್ಪಿತ್ತು, ಇವರಿಗೆ ಡಾಲರ್‌ನಲ್ಲಿ ದುಡ್ಡು ಬಂದಿತ್ತು.

ಹೊಟ್ಟೆ ಉರಿದುಹೋಯಿತು. ಕಾಯಿ ನನ್ನದು, ಹಲಗೆ ನನ್ನದು, ಡಾಲರ್ ಮಾತ್ರ ಅವರದು!

“ನಂದೂ ಒಂದು ಪ್ರಶ್ನೆ ಕಳ್ಸಿ ಸಾ. ದೀಪಾವಳಿಗೆ ಕಾಯಿ ರೇಟು ಎಷ್ಟಾಯ್ತದೆ?”

ಮೇಷ್ಟ್ರು ನಕ್ಕರು. “ಅದು ನಡೆಯಲ್ಲ. ಕೇಳೋನಿಗೆ ಉತ್ತರ ಮೊದಲೇ ಗೊತ್ತಿರ್ಬೇಕು, ರೂಲ್ಸು.”

ಉತ್ತರ ಗೊತ್ತಿದ್ದೂ ಕೇಳಿ ಸಂಪಾದಿಸುವ ಕಸುಬೂ ಇದೆಯಲ್ಲ! ಉತ್ತರ ಗೊತ್ತಿಲ್ಲದ ಆ ಒಂದೇ ಪ್ರಶ್ನೆಯ ಮೇಲೆ ನಾನು ಜೀವಮಾನವಿಡೀ ದುಡ್ಡು ಹಾಕುತ್ತಾ ಬಂದಿದ್ದೇನೆ. ತಪ್ಪಿದಾಗ ಯಾರೂ ಮೈಸೂರ್ ಪಾಕ್ ತಂದಿಲ್ಲ.