ನೊಣ ಹಿಡಿಯಲು ಹೊಲಿದ ನೀಲಿ ಕೌದಿ

ಅಡುಗೆಮನೆಯ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ಮಗಳ ಫೋನ್ ಬಂತು. ಕೆಲಸದ ಹೊತ್ತಿನಲ್ಲಿ ಅವಳು ಫೋನ್ ಮಾಡುವವಳಲ್ಲ. ಬೆರಳಿಗೆಲ್ಲ ಮಣ್ಣು ಹತ್ತಿತ್ತು, ಗೆಣ್ಣಿನಿಂದಲೇ ಒತ್ತಿ ಮಾತಾಡಿದೆ.

"ಅವ್ವಾ, ಆ ನೀಲಿ ಅರಿವಿ ಮೂಲ್ಯಾಗ ಏನಿಟ್ಟು ಹೊಲದೀರಿ?"

"ಏನೂ ಇಟ್ಟಿಲ್ಲ. ಯಾಕ?"

"ಒಂದು ಮೂಲಿ ಹರಕೊಂಡು ಹೋಗೇತಿ. ಮರಿ ಹಾಕಿದ ಜಿಂಕಿ ಅದನ್ನ ಜಗ್ಗೂದು ಕಾವಲುಗಾರ ನೋಡ್ಯಾನ. ಬಟ್ಟಿ ನುಂಗಿದ್ರ ಹೊಟ್ಟಿ ಕಟ್ಟತೈತಿ, ಅವ್ವಾ. ಆಕಿ ಉಳಿಯಂಗಿಲ್ಲ."

ಅಷ್ಟು ಹೇಳಿ ಇಟ್ಟುಬಿಟ್ಟಳು.

ಮಗಳು ಪ್ರಾಣಿಗಳ ಡಾಕ್ಟರು. ನಗರದಂಚಿನಲ್ಲಿ ಬೇಲಿ ಹಾಕಿದ ಒಂದು ಕಾಡಿನಲ್ಲಿ ಅವಳಿಗೆ ಕೆಲಸ. ಅಲ್ಲಿಯ ಚುಕ್ಕೆ ಜಿಂಕೆಗಳು ಸಾಕಿದವಲ್ಲ, ಮನುಷ್ಯರ ನೆರಳು ಕಂಡರೆ ಹಾರಿ ಹೋಗುವಂಥವು. ಈ ಸಲ ಮಳೆ ನಿಂತ ಮೇಲೆ ರಕ್ತ ಹೀರುವ ನೊಣಗಳ ಹಾವಳಿ ವಿಪರೀತವಾಯಿತು. ನೋಡಲು ಮನೆಯ ನೊಣದಂತೆಯೇ ಇರುತ್ತವೆ, ಬಾಯಿ ಮಾತ್ರ ಸೂಜಿ. ಕಾಲಿಗೆ, ಕಿವಿಗೆ ಮುತ್ತಿಕೊಂಡು ಚುಚ್ಚುತ್ತವೆ. ಪಾಪ, ಜಿಂಕೆಗಳು ದಿನವಿಡೀ ಕಾಲು ಝಾಡಿಸುತ್ತ, ಕಿವಿ ಬಡಿಯುತ್ತ, ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವಂತೆ. ನಿಂತರೆ ಮೇಯುವುದು ಯಾವಾಗ? ಮೇವು ಇಲ್ಲ, ಇದ್ದ ರಕ್ತವೂ ಹೋಗುತ್ತದೆ. ಗಾಯ ಕೀವಾಗುತ್ತದೆ. ಹಾಲೂಡಿಸುವ ಜಿಂಕೆಗೆ ಹಾಲು ಬತ್ತುತ್ತದೆ. ಈ ಮರಿ ಹಾಕಿದ ಜಿಂಕೆಯ ಪಕ್ಕೆಲುಬುಗಳು ದೂರದಿಂದಲೇ ಕಾಣುತ್ತಿದ್ದವು, ಮರಿ ಇನ್ನೂ ಹುಲ್ಲು ಮೂಸುತ್ತಿತ್ತೇ ಹೊರತು ತಿನ್ನುತ್ತಿರಲಿಲ್ಲ ಎಂದು ಮಗಳು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದಳು.

"ಹಿಡಿದು ಎಣ್ಣಿ ಹಚ್ಚಬಾರದೇನು?" ಎಂದು ಕೇಳಿದ್ದೆ.

"ಆಕಳಲ್ಲ ಅವ್ವಾ ಅದು. ಹಿಡಿಯಾಕ ಹೋದ್ರ ಹೆದರಿಕಿಗೇ ಜೀವ ಬಿಡತೈತಿ."

ಹಾಗಾಗಿ ನೊಣವನ್ನೇ ಹಿಡಿಯಬೇಕಿತ್ತು. ಇವುಗಳಿಗೆ ನೀಲಿ, ಕಪ್ಪು ಬಣ್ಣ ಕಂಡರೆ ಎದುರಿಗೆ ಪ್ರಾಣಿಯೇ ನಿಂತಂತೆ ಅನ್ನಿಸಿ ಬಂದು ಕೂಡುತ್ತವಂತೆ. ಅಂಥ ಬಟ್ಟೆಯನ್ನು ಗೂಟಕ್ಕೆ ಕಟ್ಟಿ ನಡುವೆ ಅಂಟು ಬಳಿದರೆ ಅಲ್ಲೇ ಸಿಕ್ಕಿಬೀಳುತ್ತವೆ. ನಮ್ಮವರು ಬಾಲಾನಗರದ ಕಾರ್ಖಾನೆಗೆ ಹಾಕಿಕೊಂಡು ಹೋಗಿ ಹಳತಾದ ನೀಲಿ ಅಂಗಿಗಳಿದ್ದವು, ಹರಿದ ಕೊಡೆಗಳ ಕಪ್ಪು ಬಟ್ಟೆ ಇತ್ತು. ನಾನೂ ಅತ್ತೆಯೂ ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿದು ಪಳಗಿದವರು. ಕೂಕಟ್‌ಪಲ್ಲಿಯ ಈ ಫ್ಲ್ಯಾಟಿನ ಹಾಲಿನಲ್ಲಿ ಬಟ್ಟೆ ಹರವಿಕೊಂಡು ಕೂತು, ಊರಿನಲ್ಲಿ ಹೊಲಿಯುತ್ತಿದ್ದ ಹಾಗೆಯೇ ಹೊಲಿದೆವು.

ಊರಿನಲ್ಲಿ ಹೊಲಿಯುತ್ತಿದ್ದ ಹಾಗೆಯೇ! ಅದು ನೆನಪಾದದ್ದೇ ಸೊಪ್ಪು ಬಿಟ್ಟು ಎದ್ದೆ. ಅತ್ತೆ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದರು.

"ಅತ್ತೀ, ಆ ನೀಲಿ ಬಟ್ಟಿ ಮೂಲ್ಯಾಗ ರೊಟ್ಟಿ ಇಟ್ಟು ಹೊಲದ್ರೇನ್ರಿ?"

"ಇಡದ ಮತ್ತ? ಕೌದಿ ಮುಗಸೂ ಮುಂದ ಕಡೀ ಮೂಲ್ಯಾಗ ರೊಟ್ಟಿ ಇಡಬೇಕು. ಹಸದ ಹೊಟ್ಟಿ ಕೌದಿ ಹೊಚ್ಚಗೊಂಡ್ರ ಮನ್ಯಾಗ ಹಸಿವು ಬರತೈತಿ. ನಿನಗ ನಿಮ್ಮವ್ವ ಹೇಳಿಲ್ಲೇನು?"

"ಅದನ್ನ ಯಾರು ಹೊಚ್ಚಗೋತಾರ್ರಿ? ನೊಣ ಕೂಡ್ತಾವ!"

"ನೊಣಕ್ಕ ಹೊಟ್ಟಿ ಇಲ್ಲೇನು?"

ನಗು ಬರಬೇಕಿತ್ತು, ಬರಲಿಲ್ಲ. ಸಂಗತಿ ಹೇಳಿದೆ. ಅವರ ಕೈಯ ಬತ್ತಿ ಹಾಗೇ ನಿಂತಿತು. "ಶಿವಾ, ಬಾಣಂತಿ ಬಾಯಿಗೆ ನಾನೇ ಅರಿವಿ ಹಾಕಿದ್ನೇನು?" ಎಂದರು, ಸಣ್ಣ ದನಿಯಲ್ಲಿ.

ಮಗಳಿಗೆ ಫೋನ್ ಹಚ್ಚಿದೆ.

"ರೊಟ್ಟಿ ಐತಂತ. ನಿಮ್ಮ ಆಯಿ ಇಟ್ಟಾರ."

"ರೊಟ್ಟಿ? ಎಂಥಾದ್ದು?"

"ಖಡಕ್ ರೊಟ್ಟಿ. ಅಂಗೈಯಷ್ಟು ತುಂಡು."

"ಹಂಗಾದ್ರ ಆಕಿ ಬಂದದ್ದು ಬಟ್ಟಿಗಲ್ಲ, ರೊಟ್ಟಿಗೆ. ರೊಟ್ಟಿ ತಿಂದು ಬಟ್ಟಿ ಉಗುಳಿರಬಹುದು. ಹುಡುಕಸ್ತೀನಿ."

"ಆ ಮೂಲಿಗೆ ಕೆಂಪು ದಾರದ ಹೊಲಿಗಿ ಐತಿ. ಹುಲ್ಲಾಗೂ ಕಾಣತೈತಿ."

ಆಮೇಲಿನ ಹೊತ್ತು ಹೇಗೆ ಕಳೆಯಿತೋ. ಕುಕ್ಕರ್ ಇಟ್ಟೆ, ನೀರು ಹಾಕಿದೆನೋ ಇಲ್ಲವೋ ಎಂದು ಮತ್ತೆ ತೆಗೆದು ನೋಡಿದೆ. ಬಾಲ್ಕನಿಗೆ ಹೋದೆ, ಬಂದೆ. ಕೆಳಗೆ ಬಸ್ಸುಗಳು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು. ವಿಭೂತಿ ಹಚ್ಚಿಕೊಂಡು ಕಣ್ಣು ಮುಚ್ಚಿದರೆ ದೇವರ ಬದಲು ಒಂದು ಮರಿ ಮುಂದೆ ನಿಲ್ಲುತ್ತಿತ್ತು. ತಾಯಿಯ ಕೆಚ್ಚಲಿಗೆ ಬಾಯಿ ಹಚ್ಚಿ, ಹಾಲು ಸಿಗದೆ, ತಲೆಯಿಂದ ಗುದ್ದುವ ಮರಿ. ನಾನು ಅದನ್ನು ಒಮ್ಮೆಯೂ ಕಂಡಿಲ್ಲ. ದೊಡ್ಡದು ಬೇಡಲಿಲ್ಲ ನಾನು. ನೊಣವೆಲ್ಲ ಸಾಯಲಿ ಎನ್ನಲಿಲ್ಲ, ಅವೂ ನಿನ್ನವೇ ಇರಬೇಕು ಎಂದೆ. ಆ ಅಂಗೈಯಗಲ ಬಟ್ಟೆ ಅವಳ ಹೊಟ್ಟೆಯ ಹೊರಗಿರಲಿ, ಸಾಕು. ಅತ್ತೆ ಊಟ ಬೇಡವೆಂದರು. ಅನ್ನ ಮುಚ್ಚಿಟ್ಟೆ.

ಮಧ್ಯಾಹ್ನ ಇಳಿಯುವಾಗ ಫೋನ್ ಬಂತು. ಅತ್ತೆ ನನಗಿಂತ ಮೊದಲೇ ಎದ್ದು ಬಂದು ಕಿವಿ ಕೊಟ್ಟರು.

"ಸಿಕ್ತು ಅವ್ವಾ! ಹುತ್ತದ ಬಾಜೂಕ ಬಿದ್ದಿತ್ತು. ಜಗದು ಜಗದು ಉಗುಳ್ಯಾಳ. ಒಂದೆರಡು ಎಳಿ ದಾರ ಹೋಗಿರಬಹುದು, ಅದಕ್ಕೇನೂ ಆಗಂಗಿಲ್ಲ. ರೊಟ್ಟಿ ಮಾತ್ರ ಒಂದ್ ಚೂರೂ ಬಿಟ್ಟಿಲ್ಲ."

"ಆಕಿ ಹೆಂಗದಾಳ?" ಅತ್ತೆ ಕೂಗಿದರು.

"ಮಲಗಿ ಮೆಲುಕು ಹಾಕಾಕತ್ತಾಳ, ಆಯಿ. ಕಾಲು ಝಾಡ್ಸೂದೂ ನಿನ್ನಿಗಿಂತ ಕಡಿಮಿ. ಮರಿ ಬಾಜೂಕ ಐತಿ. ನಿಮ್ಮ ಬಟ್ಟಿ ತುಂಬ ನೊಣ ಹತ್ಯಾವ, ನೀಲಿನ ಕಾಣವಲ್ದು. ಆದ್ರ ಮೂಲಿ ಎಲ್ಲಾ ಬಿಚ್ಚಿಸೀನಿ. ಇನ್ನ ಮ್ಯಾಲ ರೊಟ್ಟಿ ಬ್ಯಾಡ, ಕೈ ಮುಗೀತೀನಿ."

"ಬ್ಯಾಡ್ ಬಿಡವ್ವಾ," ಎಂದರು ಅತ್ತೆ. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಏನರ ಅನ್ನು, ಬಾಣಂತಿಗೆ ನಮ್ಮ ಜ್ವಾಳ ಒಗ್ಗೇತಿ," ಎಂದರು.

ನೊಣ ಇನ್ನೂ ಇವೆ. ಚಳಿ ಬೀಳುವ ತನಕ ಇರುತ್ತವಂತೆ, ಮರಿಗೆ ಹಾಲು ಸಾಕಾಗುತ್ತದೋ ಇಲ್ಲವೋ ಮಗಳಿಗೂ ಹೇಳಲು ಬಾರದು. ಬಟ್ಟೆ ಹೊರಗೆ ಸಿಕ್ಕಿತು, ತಾಯಿ ಮೆಲುಕು ಹಾಕಿದಳು. ಇವತ್ತಿಗೆ ಶಿವ ಇಷ್ಟು ಕೊಟ್ಟ ಎಂದುಕೊಂಡೆ. ಅತ್ತೆಗೆ ಅನ್ನ ಬಡಿಸಿ ಮುಂದೆ ಇಟ್ಟೆ. ಅಷ್ಟರಲ್ಲಿ ಬಚ್ಚಲಿನ ನಳ ಗೊರಗೊರ ಎಂದಿತು. ನೀರು ಬಿಟ್ಟಿದ್ದರು. ಸೆರಗು ಸಿಕ್ಕಿಸಿಕೊಂಡು ಕೊಡ ತೊಳೆಯಲು ಹೋದೆ.