ದುರುಗಮ್ಮನ ಸೊಂಟ ನೋವು

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ನಾನು ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ವೃತ್ತಿಗೆ ಬಂದು ಇಪ್ಪತ್ತೆರಡು ವರ್ಷ ಆಗಿತ್ತು. ಪ್ರತಿ ಗುರುವಾರ ದೇವದುರ್ಗದಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದ ಚಿಕ್ಕ ಚಿಕಿತ್ಸಾಲಯಕ್ಕೂ ಹೋಗುತ್ತಿದ್ದೆ. ಅಲ್ಲಿ ನನಗೆ ಕೊಟ್ಟಿದ್ದು ಒಂದು ಕೋಣೆ, ಒಂದು ಮಂಚ, ಒಂದು ಪರದೆ. ಬರುವವರಿಗೆ ನಾನು ‘ಕರೆಂಟ್ ಇಡೋ ಮೇಡಂ’. ಮೊಣಕಾಲು, ಕುತ್ತಿಗೆ, ಲಕ್ವ, ಇಷ್ಟೇ ನನ್ನ ಕೆಲಸ ಅಂತ ಅವರು ತಿಳಿದಿದ್ದರು. ನಿಜ ಹೇಳಬೇಕೆಂದರೆ ಬಹಳ ಕಾಲ ನಾನೂ ಹಾಗೇ ತಿಳಿದಿದ್ದೆ.

ದುರುಗಮ್ಮ ಬಂದದ್ದು ಸೊಂಟ ನೋವು ಎಂದು. ವಯಸ್ಸು ಮೂವತ್ತೆಂಟು, ಮೂರು ಹೆರಿಗೆ, ಮೂರೂ ಮನೆಯಲ್ಲೇ. ಗಬ್ಬೂರಿನ ಆಚೆಗಿನ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಜೊತೆಗಿದ್ದ ಇನ್ನೊಬ್ಬ ಅಡುಗೆಯಾಕೆಗೆ ಕೈ ಸ್ವಾಧೀನ ಇರಲಿಲ್ಲ. ಹೀಗಾಗಿ ಅನ್ನದ ಪಾತ್ರೆ, ಸಾಂಬಾರಿನ ಪಾತ್ರೆ ಎರಡನ್ನೂ ಇಳಿಸುವುದು ಇವಳೊಬ್ಬಳೇ. ನಾಲ್ಕು ಗುರುವಾರ ನಾನು ಅವಳ ಬೆನ್ನಿಗೆ ಶಾಖ ಕೊಟ್ಟೆ, ವ್ಯಾಯಾಮ ಹೇಳಿಕೊಟ್ಟೆ. ನೋವು ಒಂದಿಷ್ಟೂ ಇಳಿಯಲಿಲ್ಲ.

ಐದನೆಯ ಸಲ ಮಂಚದ ಮೇಲೆ ಮಲಗು ಎಂದಾಗ ಅವಳು ತನ್ನ ಚೀಲದಿಂದ ಹಳೆ ಸೀರೆಯ ತುಂಡು ತೆಗೆದು ಹಾಸಿದಳು. ಕೆಮ್ಮು ಬಂತು. ಕೆಮ್ಮುವಾಗ ಎರಡೂ ತೊಡೆ ಬಿಗಿಹಿಡಿದು ಗೋಡೆಯ ಕಡೆ ಮುಖ ತಿರುಗಿಸಿದಳು. ಮೊದಲ ವಾರದಿಂದ ಅವಳು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಯೇ ಇಲ್ಲ ಎಂಬುದು ಆಗ ಹೊಳೆಯಿತು.

ಪರದೆ ಎಳೆದು ಕೇಳಿದೆ: “ದುರುಗಮ್ಮ, ಕೆಮ್ಮಿದ್ರ ಉಚ್ಚಿ ಹೋಗ್ತದೇನು?”

ಅವಳು ಗೋಡೆ ನೋಡುತ್ತಲೇ ಮೆಲ್ಲಗೆ ಹೇಳಿದಳು: “ಸಣ್ಣ ಮಗ ಹುಟ್ಟಿದಾಗಿಂದ, ಅಕ್ಕಾರ. ಒಂಬತ್ತು ವರ್ಷ ಆತು. ಭಾರ ಎತ್ತಿದ್ರ ಒಳಗಿನದು ಕೆಳಗ ಬಂದಂಗ ಆಗ್ತದ. ಯಾರಿಗೂ ಹೇಳಿಲ್ಲ.”

ಚಿಕಿತ್ಸಾಲಯದ ಲೇಡಿ ಡಾಕ್ಟರ್ ಪರೀಕ್ಷಿಸಿದರು. ಗರ್ಭಕೋಶ ಜಾರಿತ್ತು, ಎರಡನೆಯ ಹಂತ. ಕಿಬ್ಬೊಟ್ಟೆಯ ತಳದಲ್ಲಿ ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಹೊತ್ತು ಹಿಡಿಯುವ ಸ್ನಾಯುಗಳಿವೆ. ಇವಕ್ಕೆ ಪೆಲ್ವಿಕ್ ಫ್ಲೋರ್ ಎನ್ನುತ್ತೇವೆ. ತೊಟ್ಟಿಲಿಗೆ ಕಟ್ಟಿದ ಸೀರೆ ಸಡಿಲಾದರೆ ಕೂಸು ಕೆಳಗಿಳಿಯುವ ಹಾಗೆ ಇವು ಸಡಿಲಾದರೆ ಮೇಲಿನದೆಲ್ಲ ಇಳಿಯುತ್ತದೆ. ಎರಡನೆಯ ಹಂತದಲ್ಲಿ ಎಷ್ಟೋ ಮಂದಿಗೆ ವ್ಯಾಯಾಮದಿಂದ ಆರಾಮ ಸಿಗುತ್ತದೆ. ಆದರೆ ಸ್ನಾಯುವೊಂದನ್ನೇ ನೋಡಿದರೆ ಸಾಲದು. ದುರುಗಮ್ಮ ಬೆಳಿಗ್ಗೆಯಿಂದ ಶಾಲೆ ಬಿಡುವವರೆಗೆ ಸೋರುತ್ತದೆಂಬ ಹೆದರಿಕೆಗೆ ನೀರು ಕುಡಿಯುತ್ತಿರಲಿಲ್ಲ. ಅದರಿಂದ ಮಲಬದ್ಧತೆ, ದಿನಾ ತಿಣುಕುವುದು. ಮನೆಯಲ್ಲಿ ಕಟ್ಟಿಗೆ ಒಲೆ, ಅದರ ಹೊಗೆಯಿಂದ ಬಿಡದ ಕೆಮ್ಮು. ಮೇಲೆ ಆ ಪಾತ್ರೆಗಳ ಭಾರ. ಆ ಸ್ನಾಯುಗಳನ್ನು ಬಿಗಿಮಾಡುವ ವ್ಯಾಯಾಮ ಕಲಿಸಿ, ಉಸಿರಾಟ, ಊಟ, ನೀರು, ಭಾರ ಎತ್ತುವ ರೀತಿ ಎಲ್ಲವನ್ನೂ ಒಂದೊಂದಾಗಿ ಬದಲಿಸುತ್ತ ಹೋದೆವು. ಶಾಲೆಯ ಹೆಡ್‌ಮಾಸ್ತರರಿಗೆ ಒಂದು ಚೀಟಿ ಬರೆದುಕೊಟ್ಟೆ. ಪಾತ್ರೆ ಇಳಿಸುವಾಗ ಯಾರಾದರೊಬ್ಬ ಮಾಸ್ತರು ಕೈ ಜೋಡಿಸತೊಡಗಿದರು.

ಈ ವ್ಯಾಯಾಮ ಶುರುವಾದ ಒಂಬತ್ತನೆಯ ವಾರ ಅವಳು ಒಳಗೆ ಬಂದವಳೇ ಕುರ್ಚಿಯಲ್ಲಿ ಕೂತಳು. “ಬಸ್ಸಿನ್ಯಾಗ ಕುಂತು ಬಂದೆ, ಅಕ್ಕಾರ. ಹಳೀ ಸೀರಿ ಅರಿವಿ ಇಟಗೊಂಡಿಲ್ಲ ಇವತ್ತ” ಎಂದಳು.

ಆ ದಿನ ಅವಳ ಗಂಡ ಹುಲಿಗೆಪ್ಪನೂ ಬಂದಿದ್ದ. ಒಳಗೆ ಕರೆದರೂ ಬರಲಿಲ್ಲ, ಬಾಗಿಲ ಹೊರಗೇ ನಿಂತು ಹೇಳಿದ: “ಗರ್ಭಚೀಲ ತಗಸಿದ್ರ ಒಂದ ದಿನದಾಗ ಮುಗೀತದಂತ್ರಿ. ನೀವು ಎರಡು ತಿಂಗಳಿಂದ ಉಸರ ತಗೋ, ಉಸರ ಬಿಡು ಅನ್ನಾಕತ್ತೀರಿ.” ಗರ್ಭಕೋಶ ತೆಗೆದ ಮಾತ್ರಕ್ಕೆ ಸ್ನಾಯು ಬಿಗಿಯಾಗುವುದಿಲ್ಲ, ಸೋರುವುದು ನಿಲ್ಲುವುದಿಲ್ಲ ಎಂದು ವಿವರಿಸಿದೆ. ಅವನು ತಲೆಯಾಡಿಸಿದ. ಒಪ್ಪಿದ ಅಂದುಕೊಂಡೆ.

ಆ ತಿಂಗಳ ಕೊನೆಗೆ ಲೇಡಿ ಡಾಕ್ಟರ್ ಕೆಲಸ ಬಿಟ್ಟರು, ಚಿಕಿತ್ಸಾಲಯ ಮುಚ್ಚಿತು. ದುರುಗಮ್ಮನಿಗೆ ರಾಯಚೂರಿಗೇ ಬಾ ಎಂದಿದ್ದೆ. ಬರಲಿಲ್ಲ. ನನ್ನ ಬಳಿ ಇದ್ದದ್ದು ಹುಲಿಗೆಪ್ಪನ ನಂಬರ್. ಎರಡು ಸಲ ಫೋನ್ ಮಾಡಿದೆ. “ಆರಾಮ ಅದಾಳ್ರಿ” ಎಂದ. ಮೂರನೆಯ ಸಲ ಮಾಡಲಿಲ್ಲ.

ನಾಲ್ಕು ತಿಂಗಳ ಮೇಲೆ ಅವಳು ನಮ್ಮ ಆಸ್ಪತ್ರೆಗೆ ಬಂದಳು, ಗೋಡೆ ಹಿಡಿದುಕೊಂಡು ನಡೆಯುತ್ತ. ಯಾವುದೋ ನರ್ಸಿಂಗ್ ಹೋಮಿನಲ್ಲಿ ಹುಲಿಗೆಪ್ಪ ಅವಳ ಗರ್ಭಕೋಶ ತೆಗೆಸಿದ್ದ. ಮೂರು ತಿಂಗಳು ಭಾರ ಎತ್ತಬಾರದು. ಅವಳು ಇಪ್ಪತ್ತನೆಯ ದಿನಕ್ಕೇ ಶಾಲೆಗೆ ಹೋಗಿದ್ದಳು, ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಆ ಹೊತ್ತಿಗೆ ಹೆಡ್‌ಮಾಸ್ತರರಿಗೆ ವರ್ಗವಾಗಿತ್ತು. ಕೈ ಜೋಡಿಸುವವರು ಯಾರೂ ಇರಲಿಲ್ಲ. ಈಗ ನಿಂತರೂ ಸೋರುತ್ತಿತ್ತು, ಯೋನಿಯ ಮೇಲ್ಭಾಗವೇ ಕೆಳಗೆ ಜಾರಿತ್ತು. ಕೆಲಸವೂ ಉಳಿಯಲಿಲ್ಲ. ಅಡುಗೆಯಾಕೆಯ ಹತ್ತಿರ ವಾಸನೆ ಬರುತ್ತದೆ ಎಂದು ಮಕ್ಕಳ ತಾಯಂದಿರು ದೂರಿದ್ದರು.

“ಸಾಲಿಗಿ ಬರಬ್ಯಾಡ ಅಂದ್ರು. ಜಗಳಾಡಿ ಅನ್ನಲಿಲ್ಲ, ಚೊಲೋ ಮಾತಿಲೇ ಅಂದ್ರು” ಎಂದಳು.

ಮತ್ತೆ ಶುರು ಮಾಡಿದೆವು. ಎರಡು ಸಲ ಬಂದಳು. ಮೂರನೆಯ ಸಲ ಇಲ್ಲ.

ಮುಂದಿನ ವರ್ಷ ಮಾನ್ವಿಯಲ್ಲಿ ಒಂದು ಆರೋಗ್ಯ ಶಿಬಿರ. ಅವಳ ತವರು ಅಲ್ಲೇ ಎಂದು ನೆನಪಾಗಿ ಕೇಳಿಕೊಂಡು ಹೋದೆ. ಹುಲಿಗೆಪ್ಪ ಅವಳನ್ನು ತಂದು ಬಿಟ್ಟುಹೋಗಿ ಏಳು ತಿಂಗಳಾಗಿತ್ತು. ಮಕ್ಕಳು ಅವನ ಹತ್ತಿರವೇ ಇದ್ದರು. ಹಿತ್ತಲ ಕಡೆಯ ಪಡಸಾಲೆಯಲ್ಲಿ ಅವಳಿಗೊಂದು ಬೇರೆ ಚಾಪೆ. ಮೈ ಅರ್ಧಕ್ಕಿಳಿದಿತ್ತು. ಅವಳ ತಾಯಿ ನಮ್ಮಿಬ್ಬರಿಗೂ ಚಹಾ ತಂದರು. ದುರುಗಮ್ಮ ಒಂದು ಗುಟುಕೂ ಕುಡಿಯಲಿಲ್ಲ.

ಜಾರಿದ್ದನ್ನು ಒಳಗೆ ಎತ್ತಿಹಿಡಿಯುವ ಪೆಸರಿ ಎಂಬ ಉಂಗುರವಿದೆ, ಹಾಕಿಸೋಣ, ವ್ಯಾಯಾಮ ಮತ್ತೆ ಮಾಡೋಣ, ರಾಯಚೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ.

“ನೀವು ಕಲಿಸಿದ್ದು ಮರತಿಲ್ಲ, ಅಕ್ಕಾರ” ಎಂದಳು. “ಮಾಡಾಕ ಬರ್ತದ. ಆದ್ರ ಆರಾಮಾಗಿ ನಾ ಎಲ್ಲಿಗಿ ಹೋಗ್ಲಿ?”

ಚಹಾದ ಲೋಟ ಕೆಳಗಿಟ್ಟು ಅವಳ ಪಕ್ಕ ಚಾಪೆಯ ಮೇಲೆ ಕೂತೆ. ಶಿಬಿರದಿಂದ ಕರೆ ಬಂತು, ಎದ್ದು ಬಂದೆ. ಆಮೇಲೆ ಒಮ್ಮೆ ಕಾರ್ಡು ಹಾಕಿದೆ. ಉತ್ತರ ಬರಲಿಲ್ಲ.

ರೋಗಿಯ ಇಡೀ ಬದುಕನ್ನು ನೋಡಿ ಚಿಕಿತ್ಸೆ ಕೊಡಬೇಕು ಎಂದು ಫಿಸಿಯೋಥೆರಪಿ ಕಾಲೇಜಿನ ಹುಡುಗಿಯರಿಗೆ ಪಾಠ ಹೇಳುವಾಗ ಈಗಲೂ ಹೇಳುತ್ತೇನೆ. ನಾನು ದುರುಗಮ್ಮನ ನೀರು, ಉಸಿರು, ಒಲೆ, ಪಾತ್ರೆ ಎಲ್ಲ ನೋಡಿದ್ದೆ. ಅವಳ ದೇಹದ ಬಗ್ಗೆ ತೀರ್ಮಾನ ಮಾಡುವವನು ಮಾತ್ರ ಬಾಗಿಲ ಹೊರಗೆ ನಿಂತಿದ್ದ, ಅವನು ತಲೆಯಾಡಿಸಿದ್ದನ್ನೇ ನಾನು ಸಾಕೆಂದುಕೊಂಡೆ. ಈಗ ಗಂಡಂದಿರನ್ನು ಒಳಗೆ ಕೂರಿಸಿಕೊಂಡೇ ಮಾತಾಡುತ್ತೇನೆ. ಕೆಲವರು ಕೇಳುತ್ತಾರೆ. ಹೆಚ್ಚಿನವರು ಗಡಿಯಾರ ನೋಡುತ್ತಾರೆ.