ಉಗುಳಿನ ಶೀಶೆ ಹೊತ್ತು ಚಿಂಚೋಳಿಗೆ

ಬೆಳಿಗ್ಗೆ ಏಳಕ್ಕೆ ಶಹಾಬಾದ್ ಸ್ಟೇಷನ್ನಿನಲ್ಲಿ ಇಳಿದಾಗಲೇ ನನಗೆ ಸಾಕಾಗಿತ್ತು. ಕೆಲವು ಮಕ್ಕಳಿಗೇ ರಕ್ತದ ಕ್ಯಾನ್ಸರ್ ಯಾಕೆ ಬರುತ್ತದೆ, ಹುಟ್ಟಿನಿಂದ ಬಂದ ಜೀನುಗಳ ಸಣ್ಣ ವ್ಯತ್ಯಾಸಗಳಿಗೂ ಅದಕ್ಕೂ ಏನಾದರೂ ನಂಟಿದೆಯೇ ಎಂದು ಹುಡುಕುವ ಅಧ್ಯಯನವೊಂದರಲ್ಲಿ ನಾನು ಮನೆಮನೆ ತಿರುಗುವವಳು. ಮಗುವಿನ ರಕ್ತ ಆಸ್ಪತ್ರೆಯಲ್ಲೇ ಸಿಗುತ್ತದೆ. ತಂದೆತಾಯಿಯ ಉಗುಳನ್ನು ಶೀಶೆಯಲ್ಲಿ ಹಿಡಿದು, ಅವರ ವಂಶದ ನಕ್ಷೆ ಬರೆದುಕೊಂಡು ಬರುವುದು ನನ್ನ ಪಾಲಿನ ಕೆಲಸ.

ಮೊದಲ ಮನೆ ಭಂಕೂರಿನಲ್ಲಿ. ಉಗುಳು ಕೊಡುವ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ನಮ್ಮ ಸೀಮೆಯಲ್ಲಿ ಅದನ್ನು ಹೇಳುವಷ್ಟರಲ್ಲಿ ಚಹಾ ಬಂದಿರುತ್ತದೆ, ಬಂದವರ ಜೊತೆ ಮನೆಯವರೂ ಕುಡಿಯಲೇಬೇಕು. ಅರ್ಧ ಗಂಟೆ ಕಾದೆ. ಅಷ್ಟರಲ್ಲಿ ಪಕ್ಕದ ಮನೆಯವರು ನೋಡಲು ಬಂದರು, ಅವರ ಹೆಸರಲ್ಲಿ ಮತ್ತೊಂದು ಸುತ್ತು ಚಹಾ. ಎರಡು ಶೀಶೆ ತುಂಬಲು ಮೂರು ತಾಸು ಹಿಡಿಯಿತು.

ವಾಡಿಯಲ್ಲಿ ಬಸ್ಸು ಬದಲಿಸಿದೆ. ಸಿಮೆಂಟಿನ ಧೂಳು, ಬಿಸಿಲು, ಎರಡು ಮಿರ್ಚಿ, ಒಂದು ಪ್ಲೇಟು ಮಂಡಕ್ಕಿ ಸುಸಲಾ. ಚಿತ್ತಾಪುರದ ಮನೆಗೆ ಬೀಗ ಬಿದ್ದಿತ್ತು. "ಕೂಸಿಗಿ ಮತ್ತ ಜ್ವರ ಬಂದಾವಂತ್ರಿ, ಹೈದ್ರಾಬಾದಿಗಿ ಹೋಗ್ಯಾರ," ಎಂದಳು ಎದುರುಮನೆಯಾಕೆ. ಸೇಡಂ ತಲುಪಿ ಲಾಡ್ಜಿನ ಮಂಚದ ಮೇಲೆ ಬಿದ್ದವಳಿಗೆ ಊಟದ ನೆನಪೂ ಆಗಲಿಲ್ಲ.

ಮರುದಿನ ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಶೂನ್ಯ ದರದ ಚೀಟಿ ಹಿಡಿದು ಚಿಂಚೋಳಿವರೆಗೂ ನಿಂತೇ ಹೋದೆ. ಅಲ್ಲಿಂದ ಆಟೊದಲ್ಲಿ ಚಂದ್ರಂಪಳ್ಳಿ ಕಡೆಗೆ. ಆ ಮನೆಯ ಹಣಮಂತ ಕೆರೆಯಲ್ಲಿ ಮೀನು ಹಿಡಿಯುವವನು, ಹೆಂಡತಿ ಅಂಬಿಕಾ. ಕೂದಲು ಉದುರಿದ ತಲೆಗೆ ಟೊಪ್ಪಿಗೆ ಹಾಕಿಕೊಂಡು ಅವರ ಆರು ವರ್ಷದ ಮಗಳು ಅವ್ವನ ತೊಡೆಯ ಮೇಲೆ ಮಲಗಿದ್ದಳು.

ಸೊಸೆಯತ್ತ ಕೈ ತೋರಿಸಿ ಮಾತಾಡಿದವಳು ಹಣಮಂತನ ತಾಯಿ ಭಾಗಮ್ಮ. "ಬರೀ ಇಕೀದು ತಗೋರಿ. ನಮ್ಮ ವಂಶದಾಗ ಇಂಥ ಬ್ಯಾನಿ ಇಲ್ಲ, ಇದು ಇಕಿ ಅಪ್ಪನ ಮನಿ ರಕ್ತ. ಔಷಧ ಮುಗೀಲಿ, ಇಕೀಗಿ ತವರಿಗೆ ಕಳಿಸಿ ಮಗನಿಗಿ ಬ್ಯಾರೆ ಲಗ್ನ ಮಾಡ್ತೀನಿ." ಹಣಮಂತ ಬಲೆ ಹೆಣೆಯುತ್ತಲೇ ಇದ್ದ. ನನಗೆ ಮೈಯೆಲ್ಲ ಉರಿಯಿತು.

"ಇದರಾಗ ಯಾರ ತಪ್ಪು ಅಂತ ಬರ್ತದೇನ್ರಿ ಮೇಡಂ?" ಅಂಬಿಕಾ ಮೆಲ್ಲಗೆ ಕೇಳಿದಳು.

"ಯಾರ ತಪ್ಪೂ ಬರೂದಿಲ್ಲ. ಇಂಥ ಸಣ್ಣ ಫರಕು ಅಪ್ಪನಿಂದಲೂ ಬರ್ತಾವ, ಅವ್ವನಿಂದಲೂ ಬರ್ತಾವ. ಅವು ಇದ್ದ ಎಷ್ಟೋ ಮಕ್ಕಳು ಆರಾಮ ಇರ್ತಾವ. ನಿಮ್ಮ ಕೂಸಿಗೇ ಯಾಕ ಬಂತು ಅನ್ನೂದು ಯಾರಿಗೂ ಗೊತ್ತಿಲ್ಲ."

ನಕ್ಷೆ ಬರೆಯಲು ಕುಳಿತೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಹಣಮಂತನ ತಾಯಿ ಭಾಗಮ್ಮ, ಅಲ್ಲಿಗೊಂದು ಗೆರೆ. ಅಂಬಿಕಾಳ ತಾಯಿಯ ತಾಯಿ ಯಾರೆಂದು ಕೇಳಿದೆ. ಅಂಬಿಕಾ ಭಾಗಮ್ಮನನ್ನೇ ತೋರಿಸಿದಳು, ಎರಡನೇ ಗೆರೆಯೂ ಅಲ್ಲಿಗೇ. ಹಣಮಂತ ಅಕ್ಕನ ಮಗಳನ್ನೇ ಮದುವೆಯಾಗಿದ್ದ. ನಮ್ಮ ಕಡೆ ಅದು ಹೊಸದೇನಲ್ಲ.

ಭಾಗಮ್ಮ ಹತ್ತಿರ ಸರಿದು ಕಾಗದದ ಮೇಲೆ ಬೆರಳಿಟ್ಟಳು. "ಈ ಎರಡೂ ಗೀಟು ಯಾರ ಕಡೀಗಿ ಹೋಗ್ಯಾವು?"

"ನಿಮ್ಮ ಕಡೀಗೇ ಅಮ್ಮಾ."

ಹೇಳುವಾಗ ನನಗೆ ಸಣ್ಣ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಕೆಯ ಮುಖ ನೋಡಿದ ಮೇಲೆ ನಾಚಿಕೆಯಾಯಿತು. "ಹಂಗಾರ ನಾನೇ ಕೊಟ್ಟೆನೇನ್ರಿ ಕೂಸಿಗಿ?" ಎಂದಳು. ಅಂಬಿಕಾಳಿಗೆ ಹೇಳಿದ್ದನ್ನೇ ಎರಡು ಸಲ ಹೇಳಿದೆ. ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು.

ಶೀಶೆಗಳು ತುಂಬಿ, ಚೀಲ ಕಟ್ಟುವಾಗ ಭಾಗಮ್ಮ ನನ್ನ ಕೈ ಹಿಡಿದಳು. "ನಿಮ್ಮ ಕಾಗದದಾಗ ಬರಕೋರಿ. ಇಕಿ ಎಲ್ಲೂ ಹೋಗೂದಿಲ್ಲ."

ಅಂಬಿಕಾ ಮಗಳ ಟೊಪ್ಪಿಗೆ ಸರಿಮಾಡುತ್ತಿದ್ದಳು. "ನಂದು ಬ್ಯಾಡ್ರಿ ಮೇಡಂ," ಎಂದಳು. "ಕೂಸು ಎಲ್ಲೂ ಹೋಗೂದಿಲ್ಲ ಅಂತ ಬರಕೋರಿ."

ಅದನ್ನು ಬರೆಯುವ ಧೈರ್ಯ ನನಗಿರಲಿಲ್ಲ. ಪೆನ್ನು ಮುಚ್ಚಿಟ್ಟು, ಆಟೊದತ್ತ ನಡೆದೆ.